ಚಪ್ಪಲಿಯ ಗೋಲು

ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಫುಟ್‌ಬಾಲ್ ಸ್ಟ್ರೈಕರ್ ಆಗಿದ್ದ. ಮಾಲ್ಡೀವ್ಸ್, ಒಮಾನ್, ಥಾಯ್ಲೆಂಡ್ ಕ್ಲಬ್ಬುಗಳಿಗೆ ಆಡಿದವನು. ಪರದೇಶದ ಸುದ್ದಿ ಕೇಳಿದರೆ ಎರಡೂ ಕೈ ಚಾಚಿ, "ಗೋಲ್ ಎಲ್ಲಾ ಕಡೆ ಅಷ್ಟೇ ಅಗಲ ಇರ್ತದ್ರೀ" ಎನ್ನುತ್ತಿದ್ದ, ಅಷ್ಟೇ.

ಒಮ್ಮೆ ರಜೆಗೆ ಬಂದಾಗ ಕಮಲಾಪುರದ ಬಯಲಿನಲ್ಲಿ ಆಡಿದೆವು. ಸೋತವರು ಒಂದು ಗೊನೆ ಕೆಂಪು ಬಾಳೆ ಕೊಡಿಸಬೇಕು. ಎದುರು ತಂಡದ ಗೋಲ್‌ಕೀಪರ್ ನಾನು. ಕೊನೆಯ ಪೆನಾಲ್ಟಿಗೆ ಅವನು ಬಗ್ಗಿ ಚೆಂಡು ಇಡುವಾಗ, ಗೋಲಿನ ಗುರುತಿಗಿದ್ದ ಚಪ್ಪಲಿಯನ್ನು ಮೆಲ್ಲಗೆ ಕಾಲಿನಿಂದ ಒಂದು ಹೆಜ್ಜೆ ಒಳಗೆ ತಳ್ಳಿದೆ. ಚೆಂಡು ಚಪ್ಪಲಿಯ ಆಚೆ ಹೋಯಿತು. "ಔಟ್!" ಎಂದು ಕುಣಿದೆ.

ಅವನು ಬಂದು ಹೆಜ್ಜೆ ಹಾಕಿ ಅಳೆದ. ಜಗಳ ತೆಗೆಯಲಿಲ್ಲ. ಅದೇ ಚಪ್ಪಲಿಯನ್ನು ತಾನೇ ಇನ್ನೊಂದು ಹೆಜ್ಜೆ ಒಳಗೆ ಸರಿಸಿ, "ಈಗ ನಿಂದರ್ರೀ ಅಣ್ಣಾ" ಎಂದ.

ಈ ಸಲ ಚೆಂಡು ನನ್ನ ಎರಡು ಕಾಲುಗಳ ನಡುವಿನಿಂದ ಹೋಯಿತು.

ಗೊನೆಯ ಮೊದಲ ಹಣ್ಣನ್ನು ಅವನೇ ಸುಲಿದು ನನಗೆ ಕೊಟ್ಟ.