ಅರಮನೆಯ ಕಿಟಕಿ

“ಮಾವಿನಕಾಯಿಗೆ ತೊಟ್ಟೇ ಇಲ್ವಲ್ಲೇ!” ಅಪ್ಪ ಮಗ್ಗ ನಿಲ್ಲಿಸಿ ಅಮ್ಮನನ್ನು ಕೂಗಿದರು. ಯುದ್ಧದ ಕಾಲ, ದೊಡ್ಡಬಳ್ಳಾಪುರದ ನಮ್ಮ ಮನೆ. ನೇಯುತ್ತಿದ್ದುದು ಸೆರಗಿನಲ್ಲಿ ಮಾವಿನಕಾಯಿ ಚಿತ್ತಾರದ ಮದುವೆ ಸೀರೆ. ಆ ಚಿತ್ತಾರ ಮೂಡುವುದು ಮಗ್ಗದ ಮೇಲೆ ಪೋಣಿಸಿದ ತೂತಿನ ರಟ್ಟುಗಳಿಂದ. ಪೋಣಿಸುವ ಮುನ್ನ ಮೂರನ್ನು ಹಳೆಯವೆಂದುಕೊಂಡು ನಾನೂ ತಂಗಿಯೂ ಎತ್ತಿಕೊಂಡು, ನಮ್ಮ ರಟ್ಟಿನ ಅರಮನೆಗೆ ಗಂಜಿಯಲ್ಲಿ ಅಂಟಿಸಿ ಕಿಟಕಿ ಮಾಡಿದ್ದೆವು.

ಕಿಟಕಿಗಳನ್ನು ಕಂಡು ಅಪ್ಪ ಅವನ್ನು ಕೀಳಲು ಬಂದಾಗ ತಂಗಿ ಅರಮನೆಯನ್ನು ತಬ್ಬಿಕೊಂಡಳು. ಅಮ್ಮ ಹೊಸ ರಟ್ಟು, ಉಳಿ ತಂದು ಕೂತರು. “ಕಿತ್ರೆ ಹರಿದೋಗುತ್ತೆ. ನೀವು ಎಲ್ಲಿ ತೂತು, ಎಲ್ಲಿ ಖಾಲಿ ನೋಡಿ ಹೇಳ್ರೇ, ನಾನು ಕೊರೀತೀನಿ.”

ಒಂದು ತಪ್ಪಿದರೂ ಮೊದಲಿನಿಂದ ಹೇಳಿಸಿದರು. ಅಪ್ಪ ನೇಯ್ದ ಎಳೆ ಬಿಚ್ಚಿ ಕಾದರು. ಸಂಜೆಗೆ ತೊಟ್ಟು ಮೂಡಿತು, ಅರಮನೆಯೂ ಉಳಿಯಿತು.

ಈಗಲೂ ಯಾರ ಸೆರಗಿನಲ್ಲಿ ಮಾವಿನಕಾಯಿ ಕಂಡರೂ ನನ್ನ ಕಣ್ಣು ತೊಟ್ಟು ಹುಡುಕುತ್ತದೆ. ತುಟಿ ಸದ್ದಿಲ್ಲದೆ ಹೇಳುತ್ತದೆ: ತೂತು, ಖಾಲಿ, ತೂತು.