ಬೆಸ್ಸಿಯ ಬರಿಗಾಲು

ಬೋಟು ಹತ್ತುವ ಮುನ್ನ ಚಪ್ಪಲಿ ಕಳಚಿಡುತ್ತಿದ್ದ ಮರೀನ್ ಸೈಂಟಿಸ್ಟ್ ನಮ್ಮ ಬೆಸ್ಸಿ ಒಬ್ಬಳೇ ಇರಬೇಕು. ನಿಜವಾದ ಹೆಸರು ಬಸಲಿಂಗವ್ವ. ಹುಬ್ಬಳ್ಳಿಯ ನಮ್ಮ ಕಾನ್ವೆಂಟ್ ಹಾಸ್ಟೆಲಿನ ಸಿಸ್ಟರ್‌ಗೆ ಅಷ್ಟುದ್ದ ಹೆಸರು ನಾಲಿಗೆಗೆ ಒಗ್ಗದೆ ಬೆಸ್ಸಿ ಆದಳು. ನಾನು ಅಕ್ಕಿಆಲೂರಿನ ರೈಸ್ ಮಿಲ್ಲಿನವಳು, ಅವಳು ಸವಣೂರಿನ ಎಲೆತೋಟದವಳು. ವೀಳ್ಯದೆಲೆಯ ತೋಟದೊಳಗೆ ಅವರ ಮನೆಯವರು ಯಾರೂ ಚಪ್ಪಲಿ ಮೆಟ್ಟಿಕೊಂಡು ಕಾಲಿಡುತ್ತಿರಲಿಲ್ಲ. ರಜೆಯಲ್ಲಿ ನಾನು ಹೋದಾಗ ನನ್ನ ಪಾಲಿಶ್ ಮಾಡಿದ ಶೂಸ್ ಕಂಡು ಅವಳ ಅಪ್ಪ, "ಮೇಮ್ ಸಾಹೇಬ್ರ, ಅವನ್ನ ಬದುವಿನ ಮ್ಯಾಲೆ ಬಿಟ್ಟು ಬರ್ರಿ. ಬಳ್ಳಿ ಸಿಟ್ಟಾಗ್ತಾವ" ಎಂದು ನಗುತ್ತಿದ್ದರು.

ಆ ತೋಟದ ಹುಡುಗಿ ಸಮುದ್ರ ಓದಿದಳು. ಜೀವನವಿಡೀ ರಿಸರ್ಚ್ ಹಡಗುಗಳಲ್ಲಿ ತಿರುಗಿದಳು. ರಿಟೈರ್ ಆದ ಮೇಲೂ ಕಾರವಾರದ ಈಚೆಯ ಒಂದು ಮೀನುಗಾರರ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಕೂತಳು. ಆ ತೀರದ ಸಮುದ್ರದ ಒಂದಿಷ್ಟು ತಳಕ್ಕೆ ಮೀನುಗಾರರು ಬಲೆ ಇಳಿಸದೆ ಬಿಡಬೇಕು ಎಂಬುದೊಂದೇ ಅವಳ ಹಟ. "ಕಾನೂನು ಇರಲಿ, ಬೇಕು. ಆದ್ರ ಸಮುದ್ರಕ್ಕ ಮುಳ್ಳುಬೇಲಿ ಹಾಕಾಕ ಬರಂಗಿಲ್ಲವಾ. ಅದು ಇವರ ಮನಸಿನ್ಯಾಗ ಆಗಬೇಕು" ಎನ್ನುತ್ತಿದ್ದಳು.

ಒಮ್ಮೆ ನಾನೂ ಅವಳ ಜೊತೆ ಹೋದೆ. ಅಲ್ಲಿನ ಬೋಟಿನವರ ಮುಖಂಡ ಗಣಪತಿ. ಜಪ್ಪಯ್ಯ ಎಂದರೂ ಅವಳ ಮಾತಿಗೆ ಬಗ್ಗದವನು. ಅವನ ಬೋಟಿಗೆ ಬೆಸ್ಸಿ ಚಪ್ಪಲಿ ಬಿಟ್ಟು ಹತ್ತಿದಳು, ಹತ್ತಿದವಳೇ ಡೆಕ್ಕಿನ ಮೇಲೆ ಬಿದ್ದಿದ್ದ ಮೀನಿನ ಮುಳ್ಳಿನ ಮೇಲೆ ಕಾಲಿಟ್ಟು "ಯವ್ವಾ!" ಎಂದು ಕುಸಿದಳು.

"ಬಾಯೋರೆ, ಇದೇನು ದೇವಸ್ಥಾನವೇ? ಇಷ್ಟು ವರ್ಷ ಸಮುದ್ರ ಓದಿ ಇದೇ ಕಲಿತದ್ದೇ?" ಗಣಪತಿ ಗದರಿಸುತ್ತಲೇ ಮುಳ್ಳು ಕಿತ್ತು, ನಂಜು ಇಳಿಯಲೆಂದು ಅವಳ ಪಾದವನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸಿದ.

"ನಂಗ ಗೊತ್ತೈತಪಾ, ನನ್ನ ಕಾಲಿಗೆ ಗೊತ್ತಿಲ್ಲ. ಬೆಳಿಯೋ ಜಾಗಾ ಬಂತಂದ್ರ ತಾನ ಚಪ್ಲಿ ಬಿಡ್ತದ. ನಡಿ, ಬೋಟ್ ಬಿಡು."

ನೋವಿಗೆ ಅವಳ ತುಟಿ ಬಿಳಿಚಿತ್ತು. ಆದರೂ ಬಂಡೆಗಳಿದ್ದ ಜಾಗದಲ್ಲಿ ಎಂಜಿನ್ ನಿಲ್ಲಿಸಲು ಹೇಳಿ, ವೈರಿನ ತುದಿಯ ಮೈಕನ್ನು ನೀರಿಗೆ ಇಳಿಬಿಟ್ಟಳು. ಇಯರ್‌ಫೋನ್ ನನ್ನ ಕಿವಿಗೆ ಬಂತು.

"ಏನ್ ಕೇಳಸ್ತದ?"

"ಯಾರೋ ಖಾರಾ ಕರಿಯಾಕತ್ತಾರಲ್ಲೇ ಬೆಸ್ಸಿ!"

ನಿಜಕ್ಕೂ ಸವಣೂರಿನ ಖಾರದಂಗಡಿಯ ಬಾಣಲೆಯದೇ ಸದ್ದು, ಚಟಪಟ ಚಟಪಟ, ಕೊನೆಯೇ ಇಲ್ಲದ ಬಾಣಲೆ. ಬೆರಳುದ್ದದ ಸಿಗಡಿಗಳು ಇಕ್ಕಳದಂಥ ಮುಂಗಾಲು ಬಡಿಯುವ ಸದ್ದಂತೆ. ಓಷನ್ ಎಂದರೆ ಸೈಲೆನ್ಸ್ ಎಂದುಕೊಂಡೇ ಮುದುಕಿಯಾಗಿದ್ದೆ ನಾನು. ನನ್ನ ಕಾಲ ಕೆಳಗೆ ಇಷ್ಟು ದೊಡ್ಡ ಸಂಸಾರ ಗಲಗಲ ಎನ್ನುತ್ತಿತ್ತು!

ಬೋಟು ಸ್ವಲ್ಪ ಮುಂದೆ ಸರಿಯಿತು. ಅಲ್ಲಿ ಬಂಡೆಯಿಲ್ಲ, ಬಲೆಗಳು ತಳ ಕೆರೆದು ಹೋದ ಜಾಗ. ಬೆಸ್ಸಿ ಈಗ ಇಯರ್‌ಫೋನನ್ನು ಗಣಪತಿಗೆ ಕೊಟ್ಟಳು. ಅವನು ಕೇಳಿದ. ವೈರು ಅಲುಗಾಡಿಸಿದ. ಮತ್ತೆ ಕೇಳಿದ.

"ಮೆಶಿನ್ ಹಾಳಾಯ್ತೋ?"

"ಮಶಿನ್ ಛಲೋ ಐತಿ."

"ಎಲ್ಲ ನಮ್ಮ ಬಲೆಯಿಂದಲೇ?"

"ನಿಮ್ಮದೂ ಐತಿ, ಬ್ಯಾರೆಯವರದೂ ಐತಿ. ಒಂದಿಷ್ಟು ವರ್ಷ ಬಿಟ್ಟು ನೋಡಪಾ. ಬರ್ತಾವೋ ಇಲ್ಲೋ, ಖಾತ್ರಿ ನಾನೂ ಕೊಡಂಗಿಲ್ಲ."

ಅವನು ಬೋಟನ್ನು ದಡಕ್ಕೆ ತಿರುಗಿಸಿದ. ಇಳಿಯುವಾಗ ಅವಳ ಚಪ್ಪಲಿ ಎತ್ತಿಕೊಟ್ಟು, "ಬಿಟ್ಟು ನೋಡುವ" ಎಂದ. ಉಳಿದ ಬೋಟಿನವರನ್ನು ಅವನೇ ಬೈದು, ಬೇಡಿ ಒಪ್ಪಿಸಿದನಂತೆ. ಬೆಸ್ಸಿ ಮೈಕನ್ನು ಅವನಿಗೇ ಕೊಟ್ಟುಬಿಟ್ಟಳು. ಆಮೇಲೆ ಫೋನಿನಲ್ಲಿ ನನಗೆ ಪ್ರತಿ ಸಲವೂ ಒಂದೇ ಸುದ್ದಿ: "ಇನ್ನೂ ಏನೂ ಇಲ್ಲವಾ. ಕಾಯಾಕತ್ತೇನಿ." ಹಾಗೆ ಕಾಯುತ್ತಲೇ ತೀರಿಹೋದಳು, my poor Bessie.

ಅವಳ ದಿನಕರ್ಮ ಮುಗಿದ ಮೇಲೆ, ಅವಳನ್ನು ಮಣ್ಣು ಮಾಡಿದ್ದ ಸವಣೂರಿನ ತೋಟದ ಬದುವಿನ ಮೇಲೆ ನಾನೊಬ್ಬಳೇ ಕೂತಿದ್ದೆ. ಗಣಪತಿ ಬಂದ. ಅಷ್ಟು ದೂರದಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದ. ಬಳ್ಳಿಗಳ ಸಾಲು ಶುರುವಾಗುವಲ್ಲಿ ನಿಂತ; ಯಾರೂ ಹೇಳಲಿಲ್ಲ, ಚಪ್ಪಲಿ ಬಿಟ್ಟ.

"ಮೊನ್ನೆ ಮೈಕಿನಲ್ಲಿ ತೆಗೆದದ್ದು. ಆ ಸದ್ದಿಲ್ಲದ ಜಾಗದ್ದೇ. ಬಾಯೋರಿಗೆ ಕೇಳಿಸಬೇಕಿತ್ತು" ಎಂದು ಮೊಬೈಲನ್ನು ನನ್ನ ಕಿವಿಗೆ ಹಿಡಿದ.

ಮೊದಲು ಬರೀ ನೀರಿನ ಸುಂಯ್ ಎನ್ನುವ ಸದ್ದು. ಆಮೇಲೆ ಒಂದು ಚಟ್. ಬಹಳ ಹೊತ್ತಿಗೆ ಇನ್ನೊಂದು. ಆಮೇಲೆ ಎರಡು ಕೂಡಿ. ಎಣ್ಣೆ ಈಗಷ್ಟೇ ಕಾಯತೊಡಗಿತ್ತು.

ಗಣಪತಿ ಮೊಬೈಲನ್ನು ಮೆಲ್ಲಗೆ ತೆಗೆದುಕೊಂಡು, ಸೌಂಡು ದೊಡ್ಡದು ಮಾಡಿ, ಬಳ್ಳಿಯ ಬುಡದ ಹಸಿಮಣ್ಣಿನ ಮೇಲಿಟ್ಟ.