ಗಟ್ಟಿಯಾಗಿಯೂ ಕೆಟ್ಟ ಗುಳಿಗೆಗಳು

ಬೆಳಗಿನ ಆರು ಗಂಟೆ. ಪೋರ್ಟ್ ಹಾರ್ಕೋರ್ಟ್ ಅಂಚಿನ ಪುಟ್ಟ ಕಾರ್ಯಾಗಾರದಲ್ಲಿ ಇಬಿಸೊ ಡೊಕುಬೊ ಮೆಣಸಿನ ಕಾಳಿನಷ್ಟು ದಪ್ಪದ, ಪಿಂಗಾಣಿಯಂಥ ಬಿಳಿ ಗುಳಿಗೆಯೊಂದನ್ನು ಉಕ್ಕಿನ ಎರಡು ತಟ್ಟೆಗಳ ನಡುವೆ ಇಟ್ಟು ಹಿಡಿಕೆ ತಿರುಗಿಸುತ್ತಾಳೆ. ಟಕ್. ಎಷ್ಟು ಭಾರ ತಡೆಯಿತೆಂದು ಬರೆದು ಮುಂದಿನದಕ್ಕೆ ಕೈಹಾಕುತ್ತಾಳೆ. ಪೀಪಾಯಿಗೆ ಐವತ್ತು ಗುಳಿಗೆ, ದಿನಕ್ಕೆ ಆರು ಪೀಪಾಯಿ, ಹದಿನೆಂಟು ವರ್ಷ. ಗಂಡ ಹೋದಮೇಲೆ ಮೂವರು ಹೆಣ್ಣುಮಕ್ಕಳನ್ನು ಓದಿಸಿದ್ದು ಈ ಹಿಡಿಕೆಯೇ.

ಪರೀಕ್ಷೆಯಲ್ಲಿ ಗೆದ್ದ ಪೀಪಾಯಿಯ ಉಳಿದ ಗುಳಿಗೆಗಳಿಗೆ ಲೋಹ ಕರಗಿಸಿದ ನೀರು ಕುಡಿಸುತ್ತಾರೆ. ಅವನ್ನು ತೈಲ ಶುದ್ಧಿಯ ಕುಲುಮೆಗೆ ತುಂಬುತ್ತಾರೆ; ಅಲ್ಲಿ ಕೆಲಸ ಮಾಡುವುದು ಆ ಲೋಹ. "ಹೆಸರೆಲ್ಲ ಲೋಹದ್ದೇ," ಎನ್ನುತ್ತಾಳೆ ಇಬಿಸೊ. "ಆದ್ರೆ ಗುಳಿಗೆ ಒಳಗೆ ಸಣ್ಣ ಸಣ್ಣ ತೂತಿರ್ಬೇಕು. ಕೂರೋಕೆ ಜಾಗ ಸಿಗ್ಲಿಲ್ಲ ಅಂದ್ರೆ ಲೋಹ ಬಸ್ ಬಾಗಿಲಲ್ಲಿ ನಿಂತ ಜನದ ತರ ಗುಂಪಾಗ್ಬಿಡುತ್ತೆ. ಆಮೇಲೆ ಏನು ಕೆಲಸ ಮಾಡುತ್ತೆ?"

ಯಾರಾದರೂ ಹೊಗಳಿದರೆ ಆಕೆ ಮುಖ ತಿರುಗಿಸುತ್ತಾಳೆ. ಎರಡೂವರೆ ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ಪೀಪಾಯಿಯ ಮುಚ್ಚಳ ಹಾಕಲು ಮರೆತಿದ್ದಳು. ಗುಳಿಗೆಗಳು ತೇವ ಹೀರಿದ್ದವು. ಬೇಗ ಒಣಗಲೆಂದು ಒಲೆಯ ಕಾವನ್ನು ಮಿತಿ ಮೀರಿ ಏರಿಸಿದಳು. "ಬಿಳಿ ಬಣ್ಣ ಹಾಗೇ ಇತ್ತು. ಒತ್ತಿ ನೋಡಿದ್ರೆ ಮೊದಲಿಗಿಂತ ಗಟ್ಟಿ! ಬಚಾವಾದೆ ಅಂದ್ಕೊಂಡೆ."

ಕಾವಿಗೆ ಒಳಗಿನ ತೂತುಗಳು ಮುಚ್ಚಿಹೋಗಿದ್ದವು. ನಾಲ್ಕು ವರ್ಷ ಬಾಳಬೇಕಾದ ಸರಕು ನಾಲ್ಕೇ ತಿಂಗಳಲ್ಲಿ ಸತ್ತಿತು. ದೂರು ಬಿದ್ದದ್ದು ಲೋಹ ಬೆರೆಸುವ ಸೋಕಾರಿಯ ಮೇಲೆ. ಅವನನ್ನು ಪೀಪಾಯಿ ತೊಳೆಯಲು ಹಾಕಿದರು. ನಿಜವಾದ ಕಾರಣ ಇಬಿಸೊಗೆ ದೂರು ಬಂದ ವಾರವೇ ಹೊಳೆದಿತ್ತು. "ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ದಿನಾ ಅವನೇ ನಂಗೆ ಮೊದಲು ನಮಸ್ಕಾರ ಹೇಳ್ತಿದ್ದ."

ಈ ಬೆಳಿಗ್ಗೆ ಆಕೆ ಒಡೆಯ ಟೊನ್ಯೆಯನ್ನೂ ಸೋಕಾರಿಯನ್ನೂ ಮೇಜಿನ ಬಳಿ ಕರೆಯುತ್ತಾಳೆ. ಮುಂದೆ ಎರಡು ಗುಳಿಗೆ: ಒಂದು ಹೊಸದು, ಒಂದು ಲೋಹ ಹಾಕದೆ ಉಳಿದಿದ್ದ ಅಂದಿನ ಪೀಪಾಯಿಯದು.

"ಏನಕ್ಕ, ಬೆಳಬೆಳಿಗ್ಗೆ ಜಾದೂನಾ?" ಸೋಕಾರಿ ನಗುತ್ತಾನೆ.

ಆಕೆ ಎರಡರ ಮೇಲೂ ಒಂದೊಂದು ಹನಿ ನೀಲಿ ಬಣ್ಣ ಬೆರೆಸಿದ ನೀರು ಬಿಡುತ್ತಾಳೆ. ಹೊಸದು ಗಟಗಟ ಕುಡಿಯುತ್ತದೆ. ಹಳೆಯದರ ಮೇಲೆ ಹನಿ ಹಾಗೇ ನಿಂತು, ಜಾರಿ, ಮೇಜಿಗೆ ಬೀಳುತ್ತದೆ.

"ಲೋಹ ಸರಿಯಾಗೇ ಇತ್ತು, ಓಗಾ. ಗುಳಿಗೆ ಸುಟ್ಟೋಳು ನಾನು," ಎನ್ನುತ್ತಾಳೆ ಒಡೆಯನಿಗೆ.

"ಹಳೇ ಮಾತು, ಬಿಡಮ್ಮ," ಎನ್ನುತ್ತಾನೆ ಒಡೆಯ.

"ನಿಮಗೆ ಹಳೇದು," ಎನ್ನುತ್ತಾನೆ ಸೋಕಾರಿ. ನಗು ಹೋಗಿದೆ. "ಎರಡು ವರ್ಷ ನನ್ನ ಕೈನೇ ನಾನು ನಂಬಲಿಲ್ಲ, ಅಕ್ಕ. ಮನೇಲಿ ಸಾರಿಗೆ ಉಪ್ಪು ಹಾಕೋಕೂ ಹೆದರಿದೀನಿ." ಅವನು ಹೊರಗೆ ಹೋಗುತ್ತಾನೆ.

ಇಬಿಸೊ ಮೇಜು ಒರೆಸುತ್ತಾಳೆ.

"ಕ್ಷಮಿಸು ಅಂತ ಅವನನ್ನ ಕೇಳಲ್ಲ," ಎನ್ನುತ್ತಾಳೆ ಒಡೆಯನಿಗೆ. "ಅವನು ಮತ್ತೆ ಲೋಹ ಬೆರೆಸ್ಲಿ. ಆ ದಿನ ಗುಳಿಗೆ ಮಾತ್ರ ಬೇರೆ ಯಾರಾದ್ರೂ ಒಣಗಿಸ್ಲಿ. ನಾನು ಒಣಗಿಸಿದ್ದನ್ನ ಅವನು ಹೇಗೆ ನಂಬ್ತಾನೆ?"